ಸಮವಸ್ತ್ರ ತೊಟ್ಟವನಿಗಷ್ಟೇ ಬಿಡುಗಡೆ: ಕೆಂಟಕಿಯಲ್ಲಿ ಒಂದು ಸುತ್ತಾಟ

ಗುರುವಾರ, ಸಿನ್ಸಿನಾಟಿ

ಸಿನ್ಸಿನಾಟಿಯಲ್ಲಿ ಓಹಿಯೊ ನದಿ ಅಷ್ಟೇನೂ ಅಗಲವಿಲ್ಲ. ದಂಡೆಯ ಮೇಲೆ ನಿಂತರೆ ಎದುರಿನ ಕವಿಂಗ್ಟನ್ ಊರಿನ ಮನೆಗಳ ಕಿಟಕಿಗಳು ಸ್ಪಷ್ಟವಾಗಿ ಕಾಣುತ್ತವೆ. 1860ರಲ್ಲಿ ಈ ನೀರೇ ಗಡಿ. ಈ ಕಡೆ ಓಹಿಯೊ ರಾಜ್ಯದಲ್ಲಿ ಗುಲಾಮಗಿರಿಗೆ ಅವಕಾಶವಿರಲಿಲ್ಲ. ಆ ಕಡೆ ಕೆಂಟಕಿಯಲ್ಲಿ ಆ ವರ್ಷದ ಜನಗಣತಿಯ ಪ್ರಕಾರ 2,25,483 ಗುಲಾಮರಿದ್ದರು. ಒಕ್ಕೂಟ ಬಿಟ್ಟು ಬಂಡೆದ್ದ ದಕ್ಷಿಣದ ರಾಜ್ಯಗಳಿಗೂ ಒಕ್ಕೂಟದಲ್ಲೇ ಉಳಿದ ರಾಜ್ಯಗಳಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಜಾಗಗಳನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಗೆಟಿಸ್‌ಬರ್ಗ್‌ಗೋ ವರ್ಜೀನಿಯಾಕ್ಕೋ ಹೋಗುತ್ತಾರೆ. ನಾನೂ ನನ್ನ ಹೆಂಡತಿಯೂ ಕೆಂಟಕಿಯನ್ನು ಆರಿಸಿಕೊಂಡೆವು. ಗುಲಾಮರಾಗಿದ್ದವರು ಸೈನ್ಯಕ್ಕೆ ಸೇರಿ ಬಿಡುಗಡೆ ಪಡೆದ ಕಥೆಯನ್ನು, ಆ ಬಿಡುಗಡೆಗೆ ಅವರ ಮನೆಮಂದಿ ತೆತ್ತ ಬೆಲೆಯನ್ನು ಆ ನೆಲದಲ್ಲೇ ನಿಂತು ತಿಳಿಯಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು.

ಬೆಳಿಗ್ಗೆ ಹೋದದ್ದು ನದಿಯ ದಂಡೆಯಲ್ಲೇ ಇರುವ ಫ್ರೀಡಂ ಸೆಂಟರ್ ಎಂಬ ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ಮರದ ದಿಮ್ಮಿಗಳ ಎರಡಂತಸ್ತಿನ ಒಂದು ಕಟ್ಟಡವಿದೆ. ಕೆಂಟಕಿಯ ಮೇಸನ್ ಕೌಂಟಿಯ ಹೊಲವೊಂದರಲ್ಲಿದ್ದುದನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ದಕ್ಷಿಣದ ಹತ್ತಿಯ ಹೊಲಗಳಿಗೆ ಮಾರಲು ಕೊಂಡ ಮನುಷ್ಯರನ್ನು ಒಬ್ಬ ವ್ಯಾಪಾರಿ ಇದರಲ್ಲಿ ಕೂಡಿಹಾಕುತ್ತಿದ್ದ. ಒಳಗೆ ಕಾಲಿಡಬಹುದು, ದಿಮ್ಮಿಗಳನ್ನು ಮುಟ್ಟಬಹುದು. ಮುಟ್ಟಿದೆ. ಕೊಡಲಿಯ ಏಟಿನ ಗುರುತು ಕೈಗೆ ಹತ್ತುತ್ತದೆ. ಕಿಟಕಿಗಳು ಚಿಕ್ಕವು. ನನ್ನ ಹೆಂಡತಿ ಒಳಗೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಂಜೆ ಸ್ಮೇಲ್ ಪಾರ್ಕಿನಲ್ಲಿ ಬ್ಲ್ಯಾಕ್ ಬ್ರಿಗೇಡ್ ಸ್ಮಾರಕ ನೋಡಿದೆವು. 1862ರ ಸೆಪ್ಟೆಂಬರ್‌ನಲ್ಲಿ ದಕ್ಷಿಣದ ಸೇನೆ ಸಿನ್ಸಿನಾಟಿಯತ್ತ ಬರುತ್ತಿದೆ ಎಂದಾಗ ಪೊಲೀಸರು ಊರಿನ ಕಪ್ಪು ಗಂಡಸರನ್ನು ಮನೆಮನೆಯಿಂದ ಎಳೆದು ಕಂದಕ ತೋಡಲು ಅಟ್ಟಿದರು. ಆಮೇಲೆ ವಿಲಿಯಂ ಡಿಕ್ಸನ್ ಎಂಬ ನ್ಯಾಯಾಧೀಶರಿಗೆ ಉಸ್ತುವಾರಿ ಕೊಟ್ಟರು. ಅವರು ಎಲ್ಲರನ್ನೂ ಮೊದಲು ಮನೆಗೆ ಕಳಿಸಿ, ಇಷ್ಟವಿದ್ದವರು ಬನ್ನಿ ಎಂದರು. ಸುಮಾರು 700 ಜನ ತಾವಾಗಿಯೇ ಬಂದರು. ಕೈಗೆ ಸಿಕ್ಕಿದ್ದು ಸಲಿಕೆ, ಗುದ್ದಲಿ, ಬಂದೂಕಲ್ಲ. ಅವರಲ್ಲಿ ಪೌಹಟನ್ ಬೀಟಿ ಎಂಬಾತನಿದ್ದ. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಗುಲಾಮನಾಗಿ ಹುಟ್ಟಿದವನು. ಎರಡು ವರ್ಷದ ನಂತರ ಅದೇ ರಿಚ್ಮಂಡ್‌ನ ಹೊರವಲಯದ ನ್ಯೂ ಮಾರ್ಕೆಟ್ ಹೈಟ್ಸ್ ಕದನದಲ್ಲಿ, ಅಧಿಕಾರಿಗಳೆಲ್ಲ ಸತ್ತೋ ಗಾಯಗೊಂಡೋ ಬಿದ್ದಾಗ ತನ್ನ ಸೈನಿಕ ತುಕಡಿಯನ್ನು ತಾನೇ ಮುನ್ನಡೆಸಿ, ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದ.

ಶುಕ್ರವಾರ, ಲೆಕ್ಸಿಂಗ್ಟನ್

ನದಿ ದಾಟಿ ದಕ್ಷಿಣಕ್ಕೆ ಸುಮಾರು 130 ಕಿಲೋಮೀಟರ್. ದಾರಿಯುದ್ದಕ್ಕೂ ಕುದುರೆ ಸಾಕಣೆಯ ಹುಲ್ಲುಗಾವಲು, ಬಿಳಿ, ಕಪ್ಪು ಬೇಲಿ. ಲೆಕ್ಸಿಂಗ್ಟನ್‌ನ ಹಳೆಯ ನ್ಯಾಯಾಲಯದ ಪಕ್ಕದ ಚೌಕಕ್ಕೆ ಚೀಪ್‌ಸೈಡ್ ಎಂದು ಹೆಸರಿತ್ತು. ದಕ್ಷಿಣದ ದೊಡ್ಡ ಗುಲಾಮ ಸಂತೆಗಳಲ್ಲಿ ಇದೂ ಒಂದು. ಈಗ ಅದಕ್ಕೆ ಹೆನ್ರಿ ಟ್ಯಾಂಡಿ ಎಂಬ ಕಪ್ಪು ಗುತ್ತಿಗೆದಾರರ ಹೆಸರಿಟ್ಟಿದ್ದಾರೆ. ಇಲ್ಲಿದ್ದ ದಕ್ಷಿಣ ಪಕ್ಷದ ಇಬ್ಬರು ಸೇನಾನಾಯಕರ ಪ್ರತಿಮೆಗಳನ್ನು 2017ರಲ್ಲಿ ತೆಗೆದರು. ನಾವು ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಕಚೇರಿ ಕೆಲಸದವರು ಬೆಂಚುಗಳ ಮೇಲೆ ಡಬ್ಬಿ ಬಿಚ್ಚಿ ಕೂತಿದ್ದರು.

ಕೆಂಟಕಿಯ ಹೊಲಗಳಲ್ಲಿ ಗುಲಾಮರು ಬೆಳೆಯುತ್ತಿದ್ದದ್ದು ಹೊಗೆಸೊಪ್ಪು ಮತ್ತು ಹೆಂಪ್. ನಮ್ಮ ಕಡೆ ಪುಂಡಿಯ ನಾರು ತೆಗೆಯುವ ಹಾಗೆ ದಂಟನ್ನು ಕೊಳೆಹಾಕಿ, ಬಡಿದು, ನಾರು ಬಿಡಿಸಬೇಕು. ಬೆನ್ನು ಮುರಿಯುವ ಕೆಲಸ. ಆ ನಾರಿನ ಹಗ್ಗ ಮತ್ತು ಗೋಣಿಬಟ್ಟೆಯಲ್ಲೇ ದಕ್ಷಿಣದ ಹತ್ತಿ ಪಿಂಡಿ ಕಟ್ಟುತ್ತಿದ್ದರು. ಯುದ್ಧ ಬಂದು ಆ ಹತ್ತಿ ಬಂದರಿನಲ್ಲೇ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿ ಪ್ರಾಂತ್ಯದ ಕಡೆ ತಿರುಗಿದವು. ಧಾರವಾಡ, ಗದಗ, ಹುಬ್ಬಳ್ಳಿ ಸೀಮೆಯಲ್ಲಿ ಹತ್ತಿಯ ಬೆಲೆ ಗಗನಕ್ಕೇರಿತು. ಅಮೆರಿಕದಿಂದ ಬಂದ ಬೀಜದ 'ಧಾರವಾಡ-ಅಮೆರಿಕನ್' ಹತ್ತಿ ನಮ್ಮ ಎರೆಹೊಲಗಳಲ್ಲಿ ಆಗಲೇ ನೆಲೆಯೂರಿತ್ತು. ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿಯಿತು. ಗದಗ ಸೀಮೆಯವನಾದ ನನಗೆ ಆ ಚೌಕದಲ್ಲಿ ನಿಂತು ಇದನ್ನು ನೆನೆಯದಿರಲು ಆಗಲಿಲ್ಲ. ಈ ಸಂತೆಯಲ್ಲಿ ಮಾರಾಟವಾದವರು ಬಿಡಿಸಿದ ಹತ್ತಿ, ನಮ್ಮ ಕಡೆಯ ರೈತರು ಬಿಡಿಸಿದ ಹತ್ತಿ, ಎರಡೂ ಅದೇ ಗಿರಣಿಗಳ ಬಾಯಿಗೆ ಬಿದ್ದವು.

ಕೆಂಟಕಿಯ ಗುಲಾಮರಿಗೆ ಸೈನ್ಯವೇ ಯಾಕೆ ಬಾಗಿಲಾಯಿತು ಎಂಬುದನ್ನು ನಾಳೆಯ ಜಾಗಕ್ಕೆ ಹೋಗುವ ಮೊದಲೇ ಹೇಳಿಬಿಡಬೇಕು. 1863ರ ಜನವರಿ 1ರಂದು ಲಿಂಕನ್ ಹೊರಡಿಸಿದ ವಿಮೋಚನಾ ಘೋಷಣೆ ಬಂಡೆದ್ದ ರಾಜ್ಯಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕೆಂಟಕಿ ಒಕ್ಕೂಟ ಬಿಟ್ಟು ಹೋಗಿರಲಿಲ್ಲ. ಹಾಗಾಗಿ ಇಲ್ಲಿನ ಒಡೆಯರ ಹಕ್ಕು ಹಾಗೇ ಉಳಿಯಿತು. ಲಿಂಕನ್ ಹುಟ್ಟಿದ್ದು ಇದೇ ರಾಜ್ಯದಲ್ಲಿ. ಅವರ ಘೋಷಣೆ ಮಾತ್ರ ಇಲ್ಲಿ ನಡೆಯಲಿಲ್ಲ! 1864ರ ಏಪ್ರಿಲ್‌ನಲ್ಲಿ ಒಡೆಯನ ಒಪ್ಪಿಗೆ ಇದ್ದರೆ ಗುಲಾಮನನ್ನು ಸೈನ್ಯಕ್ಕೆ ತೆಗೆದುಕೊಳ್ಳಬಹುದು ಎಂದಾಯಿತು. ಒಕ್ಕೂಟಕ್ಕೆ ನಿಷ್ಠನಾದ ಒಡೆಯನಿಗೆ 300 ಡಾಲರ್‌ವರೆಗೆ ಪರಿಹಾರದ ಭರವಸೆ ಕೊಟ್ಟರು. ಜೂನ್ ಹೊತ್ತಿಗೆ ಒಪ್ಪಿಗೆಯ ಷರತ್ತೂ ಹೋಯಿತು. ಸೈನ್ಯಕ್ಕೆ ಸೇರಿಸಿಕೊಂಡ ಕ್ಷಣದಿಂದ ಆ ಗಂಡಸು ಸ್ವತಂತ್ರ. ಅವನ ಹೆಂಡತಿ, ಮಕ್ಕಳು, ತಾಯಿ? ಅವರ ಬಗ್ಗೆ ಆ ಆದೇಶಗಳಲ್ಲಿ ಒಂದು ಮಾತೂ ಇರಲಿಲ್ಲ.

ಶನಿವಾರ, ಕ್ಯಾಂಪ್ ನೆಲ್ಸನ್

ಲೆಕ್ಸಿಂಗ್ಟನ್‌ನಿಂದ ದಕ್ಷಿಣಕ್ಕೆ ಅರ್ಧ ಗಂಟೆಯ ದಾರಿ. ಕೆಂಟಕಿ ನದಿಯ ಕಡಿದಾದ ಸುಣ್ಣಕಲ್ಲಿನ ದಂಡೆಗಳು, ಪಕ್ಕದಲ್ಲಿ ಹಿಕ್‌ಮನ್ ಹಳ್ಳ. ಮೂರು ಕಡೆ ಪ್ರಕೃತಿಯೇ ಕೋಟೆ ಕಟ್ಟಿದ ಜಾಗ. 1863ರಲ್ಲಿ ಒಕ್ಕೂಟದ ಸೇನೆ ಇಲ್ಲಿ ಸರಬರಾಜು ನೆಲೆ ಹಾಕಿತು. ಸುಮಾರು 4,000 ಎಕರೆ, 300ಕ್ಕೂ ಹೆಚ್ಚು ಕಟ್ಟಡ: ಬೇಕರಿ, ಆಸ್ಪತ್ರೆ, ಗಾಡಿ ರಿಪೇರಿಯ ಕಮ್ಮಟಗಳು, ಕುದುರೆ ಲಾಯಗಳು, ನದಿಯಿಂದ ನೀರೆತ್ತುವ ಯಂತ್ರ. ಯುದ್ಧ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಹರಾಜು ಹಾಕಿದರು. ಉಳಿದದ್ದು ಅಧಿಕಾರಿಗಳು ತಂಗುತ್ತಿದ್ದ ಬಿಳಿ ಮನೆಯೊಂದು ಮತ್ತು ಉತ್ತರದ ಅಂಚಿನ ಮಣ್ಣಿನ ಕೋಟೆಗಳ ದಿಬ್ಬ. 2018ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು.

ನವೆಂಬರ್ ತಿಂಗಳಾದ್ದರಿಂದ ಹುಲ್ಲು ಕಂದಿತ್ತು. ಬೆಳಗಿನ ಇಬ್ಬನಿ ಹತ್ತು ಗಂಟೆಯಾದರೂ ಹೆಪ್ಪುಗಟ್ಟಿಕೊಂಡೇ ಇತ್ತು. ನಡೆಯಲು ಹುಲ್ಲು ಕತ್ತರಿಸಿ ಮಾಡಿದ ಕಾಲುದಾರಿಗಳಿವೆ. ಫೋರ್ಟ್ ಪುಟ್ನಂ ಎಂಬ ದಿಬ್ಬ ಹತ್ತಿ ನಿಂತರೆ ಕೆಳಗೆ ಹೆದ್ದಾರಿ ಕಾಣುತ್ತದೆ. ಗುಲಾಮರು ಬಂದದ್ದು ಆ ದಾರಿಯಲ್ಲೇ. 1864ರ ಮೇ ತಿಂಗಳಲ್ಲಿ ಡ್ಯಾನ್‌ವಿಲ್ ಊರಿನಿಂದ ಸುಮಾರು 250 ಗಂಡಸರು ಒಟ್ಟಾಗಿ ನಡೆದು ಬಂದರು. ಊರು ಬಿಡುವಾಗ ಬಿಳಿಯರು ಅವರ ಮೇಲೆ ಕಲ್ಲು ತೂರಿದರು, ಪಿಸ್ತೂಲು ಹಾರಿಸಿದರು. ಬೇಸಿಗೆ ಕಳೆಯುವಷ್ಟರಲ್ಲಿ ದಿನಾ ತಂಡ ತಂಡವಾಗಿ ಬರತೊಡಗಿದರು. ಅರ್ವಿನ್ ಊರಿನ ಪೀಟರ್ ಬ್ರೂನರ್ ಎಂಬ ಯುವಕ ಹಿಂದೆ ಎಷ್ಟೋ ಸಲ ಓಡಿಹೋಗಿ ಸಿಕ್ಕಿಬಿದ್ದು, ಸಂಕೋಲೆಯ ರುಚಿ ಕಂಡವನು. ಜುಲೈನಲ್ಲಿ ರಾತ್ರೋರಾತ್ರಿ ಹೊರಟು ಬಂದು 12ನೇ ಭಾರೀ ಫಿರಂಗಿ ರೆಜಿಮೆಂಟ್ ಸೇರಿದ. ಈ ಸಲ ಅವನನ್ನು ಹಿಡಿದು ಒಯ್ಯಲು ಒಡೆಯನಿಗೆ ಹಕ್ಕಿರಲಿಲ್ಲ.

ಮಾಹಿತಿ ಕೇಂದ್ರದಲ್ಲಿ ನೇಮಕಾತಿಯ ಕಾಗದಗಳ ಪ್ರತಿಗಳನ್ನು ಇಟ್ಟಿದ್ದಾರೆ. ಹೆಸರು, ವಯಸ್ಸು, ಎತ್ತರ, ಹುಟ್ಟಿದ ಕೌಂಟಿ, ಕಸುಬು. ಕಸುಬಿನ ಜಾಗದಲ್ಲಿ ಬಹುತೇಕ 'ರೈತ' ಎಂದೇ ಇದೆ. ಸಹಿಯ ಜಾಗದಲ್ಲಿ ಒಂದು ಅಡ್ಡಗೆರೆ, ಒಂದು ಉದ್ದಗೆರೆ. 1850 ಮತ್ತು 1860ರ ಜನಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಬರೀ ವಯಸ್ಸು, ಲಿಂಗ, ಮೈಬಣ್ಣ ಬರೆಯುತ್ತಿದ್ದರು. ಈ ಗಂಡಸರಲ್ಲಿ ಬಹುಪಾಲಿನವರ ಹೆಸರು ಸರ್ಕಾರದ ದಾಖಲೆಯಲ್ಲಿ ಮನುಷ್ಯನ ಹೆಸರಾಗಿ ಮೊದಲ ಸಲ ಕಾಣಿಸಿಕೊಂಡದ್ದು ಈ ಕಾಗದದ ಮೇಲೆ. ಗಾಜಿನ ಆಚೆಯ ಆ ಗೀಟನ್ನು ನಾನು ಬಹಳ ಹೊತ್ತು ನೋಡಿದೆ. ಒಂದು ಕಡೆ ಶಾಯಿ ಜಾಸ್ತಿಯಾಗಿ ಹರಡಿತ್ತು. ಲೇಖನಿ ಹಿಡಿದು ಅಭ್ಯಾಸವಿಲ್ಲದ ಕೈ ಒತ್ತಿ ಬರೆದದ್ದು.

ಇಲ್ಲಿ 10,000ಕ್ಕೂ ಹೆಚ್ಚು ಕಪ್ಪು ಸೈನಿಕರು ಸೇರಿದರು. ಎಂಟು ರೆಜಿಮೆಂಟುಗಳು ಇಲ್ಲೇ ಹುಟ್ಟಿದವು. ಇಡೀ ಕೆಂಟಕಿಯಿಂದ ಸೇರಿದವರು ಸುಮಾರು 24,000. ಯುದ್ಧಕ್ಕೆ ಅರ್ಹ ವಯಸ್ಸಿನ ಕಪ್ಪು ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು. ಲೂಯಿಸಿಯಾನಾ ಒಂದನ್ನು ಬಿಟ್ಟರೆ ಬೇರಾವ ರಾಜ್ಯವೂ ಇಷ್ಟು ಜನರನ್ನು ಕಳಿಸಲಿಲ್ಲ. ಒಕ್ಕೂಟದ ಸೈನ್ಯದಲ್ಲಿ ಒಟ್ಟು ಸುಮಾರು 1,79,000 ಕಪ್ಪು ಸೈನಿಕರಿದ್ದರು. ಸಂಬಳದಲ್ಲೂ ಭೇದ. ಬಿಳಿಯ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸಿಪಾಯಿಗೆ 10, ಅದರಲ್ಲಿ 3 ಡಾಲರ್ ಬಟ್ಟೆಯ ಬಾಬ್ತು ಮುರಿಯುತ್ತಿದ್ದರು. ಸಮಾನ ವೇತನದ ಕಾನೂನು ಬಂದದ್ದು 1864ರ ಜೂನ್‌ನಲ್ಲಿ.

ಇನ್ನು ಜೋಸೆಫ್ ಮಿಲ್ಲರ್‌ನ ಕಥೆ. ಈ ಪ್ರಯಾಣ ಹೊರಟದ್ದೇ ಅವನಿಗಾಗಿ ಎನ್ನಬೇಕು.

ಲಿಂಕನ್ ಕೌಂಟಿಯ ಗುಲಾಮ ಜೋಸೆಫ್ ಮಿಲ್ಲರ್ 1864ರ ಅಕ್ಟೋಬರ್ ಮಧ್ಯದಲ್ಲಿ ಹೆಂಡತಿ ಇಸಬೆಲ್ಲಾ ಮತ್ತು ನಾಲ್ಕು ಮಕ್ಕಳನ್ನು ಕರೆದುಕೊಂಡೇ ಇಲ್ಲಿಗೆ ಬಂದ. ನೀನು ಸೈನ್ಯಕ್ಕೆ ಹೋದರೆ ನಿನ್ನ ಸಂಸಾರಕ್ಕೆ ನಾನು ಅನ್ನ ಹಾಕುವುದಿಲ್ಲ ಎಂದು ಒಡೆಯ ಹೇಳಿದ್ದ. ಮಕ್ಕಳಿಗೆ ಹತ್ತು, ಒಂಬತ್ತು, ಏಳು, ನಾಲ್ಕು ವರ್ಷ. ನೇಮಕ ಮಾಡಿಕೊಂಡ ಅಧಿಕಾರಿ ಶಿಬಿರದೊಳಗಿನ ಒಂದು ಡೇರೆಯಲ್ಲಿ ಸಂಸಾರ ಇರಿಸಿಕೋ ಎಂದ. ಅವನಂತೆ ನೂರಾರು ಸೈನಿಕರ ಹೆಂಡಿರು ಮಕ್ಕಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಬಟ್ಟೆ ಒಗೆದು, ಅಡುಗೆ ಮಾಡಿ ಹೊಟ್ಟೆ ಹೊರೆಯುತ್ತಿದ್ದರು. ಕಾನೂನಿನ ಲೆಕ್ಕದಲ್ಲಿ ಅವರಿನ್ನೂ ಓಡಿಬಂದ ಆಸ್ತಿ. ಶಿಬಿರದ ಕಮಾಂಡರ್ ಬ್ರಿಗೇಡಿಯರ್ ಜನರಲ್ ಸ್ಪೀಡ್ ಫ್ರೈ ಈ ಹೆಂಗಸರು ಮಕ್ಕಳನ್ನು ಹಲವು ಸಲ ಹೊರದಬ್ಬಿದ್ದ; ಅವರು ಮತ್ತೆ ಮತ್ತೆ ಬಂದಿದ್ದರು.

ನವೆಂಬರ್ 22ರ ಸಂಜೆ ಆರಕ್ಕೆ ಕುದುರೆ ಸವಾರನೊಬ್ಬ ಬಂದು ಬೆಳಗಾಗುವ ಮುನ್ನ ಖಾಲಿ ಮಾಡಬೇಕೆಂದು ಇಸಬೆಲ್ಲಾಗೆ ಹೇಳಿಹೋದ. ಏಳು ವರ್ಷದ ಹುಡುಗ ಕಾಯಿಲೆಯಿಂದ ಆಗಷ್ಟೇ ಚೇತರಿಸಿಕೊಳ್ಳುತ್ತಿದ್ದ. ಮರುದಿನ ಬೆಳಿಗ್ಗೆ ಎಂಟಕ್ಕೆ ಗಾಡಿ ಬಂತು. ಮೈ ಕೊರೆಯುವ ಚಳಿ. ಈ ಗಾಳಿಯಲ್ಲಿ ನನ್ನ ಮಗ ಉಳಿಯುವುದಿಲ್ಲ, ಇವರಿಗೆ ಹೋಗಲು ಬೇರೆ ಜಾಗವಿಲ್ಲ, ನಾನು ಅಮೆರಿಕದ ಸೈನಿಕ ಎಂದು ಜೋಸೆಫ್ ಕಾವಲುಗಾರನಿಗೆ ಹೇಳಿದ. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ ಎಂದ ಅವನು; ಗಾಡಿ ಹತ್ತದಿದ್ದರೆ ಎಲ್ಲರನ್ನೂ ಗುಂಡಿಟ್ಟು ಕೊಲ್ಲುವೆ ಎಂದೂ ಸೇರಿಸಿದ. ಇಸಬೆಲ್ಲಾ ಹುಡುಗನನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಜೋಸೆಫ್ ಶಿಬಿರದ ಗಡಿಯವರೆಗೆ ಹಿಂದೆ ನಡೆದ. ಅಲ್ಲಿಂದಾಚೆ ಹೋಗುವಂತಿರಲಿಲ್ಲ.

ಆ ವಾರ ಸುಮಾರು 400 ಹೆಂಗಸರು ಮಕ್ಕಳನ್ನು ಹೀಗೆ ಹೊರದಬ್ಬಿದರು. ಅವರ ಗುಡಿಸಲುಗಳನ್ನು ನೆಲಸಮ ಮಾಡಿದರು. 102 ಜನ ಸತ್ತರು.

ಭಾನುವಾರ, ನಿಕೊಲಸ್‌ವಿಲ್ ಮತ್ತು ಬೆರಿಯಾ

ಶಿಬಿರದಿಂದ ನಿಕೊಲಸ್‌ವಿಲ್ ಆರು ಮೈಲಿ, ಕಾರಿನಲ್ಲಿ ಹತ್ತು ನಿಮಿಷ. ಕಾರಿನ ಹೀಟರ್ ಹಾಕಿಕೊಂಡೇ ಹೋದೆವು. ಅಂದು ರಾತ್ರಿ ಜೋಸೆಫ್ ಇದೇ ದೂರವನ್ನು ನಡೆದುಕೊಂಡು ಸಂಸಾರ ಹುಡುಕಿಕೊಂಡು ಬಂದ. ಕಪ್ಪು ಜನರ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಅವರು ಸಿಕ್ಕರು. ಅಷ್ಟು ಜನಕ್ಕೂ ಒಂದೇ ಒಲೆ. ಅದರ ಹತ್ತಿರ ಹೋಗಲು ಜಾಗವಿಲ್ಲ. ಇಡೀ ದಿನ ಯಾರಿಗೂ ಒಂದು ತುತ್ತು ಸಿಕ್ಕಿರಲಿಲ್ಲ. ಹುಡುಗ ಗಾಡಿಯಿಂದ ಇಳಿದ ಕೂಡಲೇ ತೀರಿಕೊಂಡಿದ್ದ. ರಾತ್ರಿಯೇ ಶಿಬಿರಕ್ಕೆ ಮರಳಬೇಕಿದ್ದರಿಂದ ಜೋಸೆಫ್ ಮತ್ತೆ ಆರು ಮೈಲಿ ನಡೆದ. ಬೆಳಿಗ್ಗೆ ಪುನಃ ನಡೆದು ಬಂದು, ಗುಂಡಿಯನ್ನು ತಾನೇ ತೋಡಿ ಮಗನನ್ನು ಮಣ್ಣು ಮಾಡಿದ.

ಇದೆಲ್ಲ ನಮಗೆ ಗೊತ್ತಿರುವುದು ನವೆಂಬರ್ 26ರಂದು ಅವನು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಿಂದ. ಅಕ್ಷರ ಬಾರದ ಅವನು ಕೊನೆಗೆ ಗೀಟು ಹಾಕಿದ್ದಾನೆ. ಅಲ್ಲಿ ಅಳು, ಬೈಗುಳ, ಬೇಡಿಕೆ ಒಂದೂ ಇಲ್ಲ. ಎಷ್ಟು ಗಂಟೆಗೆ ಏನಾಯಿತು, ಎಷ್ಟು ಮೈಲಿ ನಡೆದೆ, ಅಷ್ಟೇ. ಓದಿದ ಯಾರಿಗೂ ಅದನ್ನು ಮರೆಯಲಾಗದು. ನ್ಯೂಯಾರ್ಕ್‌ನ ಪತ್ರಿಕೆಯಲ್ಲಿ ಈ ಹೊರದಬ್ಬುವಿಕೆಯ ಸುದ್ದಿ ಬಂದು ಉತ್ತರದ ರಾಜ್ಯಗಳಲ್ಲಿ ಕೋಲಾಹಲವಾಯಿತು. ಶಿಬಿರದ ಅಧಿಕಾರಿ ಕ್ಯಾಪ್ಟನ್ ಥೆರನ್ ಹಾಲ್ ಮತ್ತು ಪಾದ್ರಿ ಜಾನ್ ಫೀ ಈ ವಿಷಯದ ಬೆನ್ನು ಹತ್ತಿದರು. ಫ್ರೈಯ ಆದೇಶ ರದ್ದಾಯಿತು. ಶಿಬಿರದಲ್ಲೇ ನಿರಾಶ್ರಿತರ ವಸತಿ ಕಟ್ಟಲು ಅಪ್ಪಣೆ ಬಂತು. ಮುಖ್ಯವಾಗಿ, 1865ರ ಮಾರ್ಚ್ 3ರಂದು ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿ ಕಪ್ಪು ಸೈನಿಕರ ಹೆಂಡತಿ ಮತ್ತು ಮಕ್ಕಳನ್ನು ಸ್ವತಂತ್ರರೆಂದು ಸಾರಿತು. ಗುಲಾಮರ ಮದುವೆಗೆ ಕೆಂಟಕಿಯ ಕಾನೂನಿನಲ್ಲಿ ಬೆಲೆಯೇ ಇರಲಿಲ್ಲ. ಗಂಡ-ಹೆಂಡಿರಾಗಿ ಬಾಳಿದ್ದರೆ ಸಾಕು, ಅದೇ ಮದುವೆ ಎಂದು ಈ ಕಾನೂನು ಒಪ್ಪಿತು.

ಮಿಲ್ಲರ್ ಸಂಸಾರಕ್ಕೆ ಅದು ದಕ್ಕಲಿಲ್ಲ. ಇಸಬೆಲ್ಲಾ ಮತ್ತು ಉಳಿದ ಮೂವರು ಮಕ್ಕಳು ಕೆಲವೇ ವಾರಗಳಲ್ಲಿ ಸತ್ತರು. ಜೋಸೆಫ್ 1865ರ ಜನವರಿ 6ರಂದು ತೀರಿಕೊಂಡ.

ಸ್ವಾತಂತ್ರ್ಯಕ್ಕಾಗಿ ಸತ್ತವರು ಎಂದರೆ ನಾವು ರಣರಂಗದಲ್ಲಿ ಬಿದ್ದವರನ್ನು ಎಣಿಸುತ್ತೇವೆ. ಆ ಗಾಡಿಯಲ್ಲಿ ಹೋದ ಹೆಂಗಸರು ಮಕ್ಕಳನ್ನೂ ಅದೇ ಪಟ್ಟಿಯಲ್ಲಿ ಸೇರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಾರ್ಚ್ 3ರ ಕಾನೂನನ್ನು ಗಳಿಸಿಕೊಟ್ಟವರಲ್ಲಿ ಅವರೂ ಇದ್ದಾರೆ.

ಮಧ್ಯಾಹ್ನ ವಾಪಸು ಬಂದು ಕ್ಯಾಂಪ್ ನೆಲ್ಸನ್‌ನ ಸೈನಿಕ ಸ್ಮಶಾನ ನೋಡಿದೆವು. ಬಿಳಿ ಅಮೃತಶಿಲೆಯ ಮೊಣಕಾಲೆತ್ತರದ ಕಲ್ಲುಗಳು. ಗುರಾಣಿ ಆಕಾರದ ತಗ್ಗಿನೊಳಗೆ ಹೆಸರು, ಅದರ ಕೆಳಗೆ ರೆಜಿಮೆಂಟಿನ ಸಂಕ್ಷಿಪ್ತ ಅಕ್ಷರ. ಅಕ್ಷರಗಳಲ್ಲಿ 'ಕಲರ್ಡ್' ಎಂಬುದರ 'ಸಿ' ಇದ್ದರೆ ಕಪ್ಪು ಸೈನಿಕ. ಬಹಳಷ್ಟು ಜನ ಸತ್ತದ್ದು ಗುಂಡಿನಿಂದಲ್ಲ. ಸಿಡುಬು, ದಡಾರ, ನ್ಯುಮೋನಿಯಾದಿಂದ. ದೇಶದಾದ್ಯಂತ ಸತ್ತ ಸುಮಾರು 40,000 ಕಪ್ಪು ಸೈನಿಕರಲ್ಲಿ 30,000ದಷ್ಟು ಜನ ರೋಗದಿಂದಲೇ ಸತ್ತವರು.

ಸಂಜೆಗೆ ಬೆರಿಯಾ ತಲುಪಿದೆವು. ಬೆಟ್ಟದ ಬುಡದ ಚಿಕ್ಕ ಕಾಲೇಜು ಊರು. ಇಲ್ಲಿ ಶಾಲೆ ತೆರೆದವರು ಅದೇ ಜಾನ್ ಫೀ. ಗುಲಾಮಗಿರಿಯನ್ನು ವಿರೋಧಿಸಿದ್ದಕ್ಕೆ 1859ರ ಕೊನೆಯಲ್ಲಿ ಊರವರು ಅವರನ್ನು ಓಡಿಸಿದ್ದರು. ಯುದ್ಧಕಾಲದಲ್ಲಿ ಕ್ಯಾಂಪ್ ನೆಲ್ಸನ್‌ನಲ್ಲಿ ಸೈನಿಕರಿಗೆ ಅಕ್ಷರ ಕಲಿಸಿ, ಯುದ್ಧ ಮುಗಿದ ಮೇಲೆ ಅಲ್ಲಿನ ಕುಟುಂಬಗಳನ್ನು ಇಲ್ಲಿಗೆ ಕರೆದರು. 1866-67ರ ಸಾಲಿನಲ್ಲಿ 96 ಕಪ್ಪು, 91 ಬಿಳಿ ವಿದ್ಯಾರ್ಥಿಗಳು ಒಂದೇ ಸೂರಿನ ಕೆಳಗೆ ಓದಿದರು. ಹದಿಹರೆಯದಲ್ಲೇ ಕ್ಯಾಂಪ್ ನೆಲ್ಸನ್‌ನಲ್ಲಿ ಸೈನ್ಯ ಸೇರಿದ ಆಂಗಸ್ ಬರ್ಲೀ ಸಮವಸ್ತ್ರ ಕಳಚಿ ನೇರ ಇಲ್ಲಿಗೆ ಬಂದು, 1875ರಲ್ಲಿ ಪದವಿ ಪಡೆದ. 1904ರಲ್ಲಿ ಕೆಂಟಕಿ ಸರ್ಕಾರ ಕಪ್ಪು-ಬಿಳಿ ಮಕ್ಕಳು ಒಟ್ಟಿಗೆ ಓದುವುದನ್ನೇ ನಿಷೇಧಿಸಿತು. 1908ರಲ್ಲಿ ದೇಶದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ಎರಡು ಇಸವಿಗಳನ್ನು ಓದುವಾಗ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ.

ಸೋಮವಾರ, ಫ್ರಾಂಕ್‌ಫರ್ಟ್, ಸಿಂಪ್ಸನ್‌ವಿಲ್

ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ನಿಂತದ್ದು ಗ್ರೀನ್ ಹಿಲ್ ಸ್ಮಶಾನದಲ್ಲಿ ಮಾತ್ರ. ಕಪ್ಪು ಸೈನಿಕರಿಗಾಗಿ 1924ರಲ್ಲಿ ನಿಲ್ಲಿಸಿದ ಸುಣ್ಣಕಲ್ಲಿನ ಕಂಬ ಅಲ್ಲಿದೆ. ಸುತ್ತಲಿನ ಊರುಗಳ 142 ಸೈನಿಕರ ಹೆಸರು ಕೆತ್ತಿದ್ದಾರೆ. ಹಣ ಕೂಡಿಸಿ ನಿಲ್ಲಿಸಿದವರು ಹೆಂಗಸರ ಸಂಘದವರು.

ಅಲ್ಲಿಂದ ಪಶ್ಚಿಮಕ್ಕೆ ಸಿಂಪ್ಸನ್‌ವಿಲ್. 1865ರ ಜನವರಿ 25ರಂದು ಐದನೇ ಕಪ್ಪು ಅಶ್ವದಳದ ಸೈನಿಕರು ಸೈನ್ಯದ ಊಟಕ್ಕೆಂದು ನೂರಾರು ದನಗಳನ್ನು ಕ್ಯಾಂಪ್ ನೆಲ್ಸನ್‌ನಿಂದ ಲೂಯಿವಿಲ್‌ಗೆ ಹೊಡೆದುಕೊಂಡು ಹೊರಟಿದ್ದರು. ದಕ್ಷಿಣದ ಪರವಾದ ಗೆರಿಲ್ಲಾಗಳು ಇಲ್ಲಿ ಹಿಂದಿನಿಂದ ಬಿದ್ದು ಸುಮಾರು 22 ಜನರನ್ನು ಕೊಂದರು. ಹೆದ್ದಾರಿಯ ಪಕ್ಕ 2009ರಲ್ಲಿ ಫಲಕ ಹಾಕಿ, ಬಿಳಿ ಕಲ್ಲುಗಳ ಸಾಲು ನಿಲ್ಲಿಸಿದ್ದಾರೆ. ಲಾರಿಗಳು ಭರ್ರೆಂದು ಹೋಗುತ್ತವೆ.

ಇದೇ ಸಿಂಪ್ಸನ್‌ವಿಲ್‌ನಿಂದಲೇ 1864ರ ಸೆಪ್ಟೆಂಬರ್ ರಾತ್ರಿಯೊಂದರಲ್ಲಿ ಎಲೈಜಾ ಮಾರ್ಸ್ ಎಂಬ ಗುಲಾಮ 27 ಜನರನ್ನು ಕಟ್ಟಿಕೊಂಡು ಹೊರಟಿದ್ದ. ಕದ್ದು ಮುಚ್ಚಿ ಓದು ಬರಹ ಕಲಿತಿದ್ದ ಅವನು, ಆಗಲೇ ಸೈನ್ಯಕ್ಕೆ ಹೋದ ಗುಲಾಮರು ಮನೆಗೆ ಬರೆಯುತ್ತಿದ್ದ ಕಾಗದಗಳನ್ನು ಅವರ ಹೆಂಡಿರಿಗೆ ಓದಿಹೇಳುತ್ತಿದ್ದ. ಆ ರಾತ್ರಿ ಅವರ ಬಳಿ ಇದ್ದದ್ದು ದೊಣ್ಣೆಗಳು ಮತ್ತು ಒಂದು ತುಕ್ಕು ಹಿಡಿದ ಪಿಸ್ತೂಲು. ಕತ್ತಲಲ್ಲಿ ಸುಮಾರು 35 ಕಿಲೋಮೀಟರ್ ನಡೆದು, ಒಡೆಯರು ಬಂದು ಹಿಡಿಯುವ ಮೊದಲೇ ಲೂಯಿವಿಲ್‌ನ ನೇಮಕಾತಿ ಕಚೇರಿ ಮುಟ್ಟಿದರು. ನಾವು ಅದೇ ದಾರಿಯಲ್ಲಿ ಲೂಯಿವಿಲ್ ಸೇರಿದೆವು.

ಮಾರ್ಸ್ ಸಾರ್ಜೆಂಟ್ ಆದ. ನಂತರ ಅವನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ಬೌಲಿಂಗ್ ಗ್ರೀನ್ ಊರಿನಲ್ಲಿ ಸೇರಿದ್ದ ನೂರಾರು ಹೆಂಗಸರು ಮಕ್ಕಳನ್ನು ಕಾವಲಿನಲ್ಲಿ ಕರೆದೊಯ್ದು ನಿರಾಶ್ರಿತರ ವಸತಿಗೆ ಮುಟ್ಟಿಸುವುದು. ಆ ವಸತಿ ಇದ್ದದ್ದು ಕ್ಯಾಂಪ್ ನೆಲ್ಸನ್‌ನಲ್ಲೇ. ಯುದ್ಧದ ನಂತರ ಅವನು ಸಹೋದರನ ಜೊತೆ ಸೇರಿ 1879ರಲ್ಲಿ ಲೂಯಿವಿಲ್‌ನಲ್ಲಿ ಕಪ್ಪು ವಿದ್ಯಾರ್ಥಿಗಳ ಶಿಕ್ಷಣ ಸಂಸ್ಥೆ ತೆರೆದ. ಅದು ಈಗಲೂ ಸಿಮನ್ಸ್ ಕಾಲೇಜು ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಗುಲಾಮಗಿರಿಯನ್ನು ಕೊನೆಗಾಣಿಸಿದ ಸಂವಿಧಾನದ ಹದಿಮೂರನೇ ತಿದ್ದುಪಡಿಯನ್ನು ಕೆಂಟಕಿಯ ಶಾಸನಸಭೆ 1865ರಲ್ಲಿ ತಿರಸ್ಕರಿಸಿತು. ಬೇರೆ ರಾಜ್ಯಗಳ ಮತದಿಂದ ಆ ಡಿಸೆಂಬರ್‌ನಲ್ಲಿ ಅದು ಇಲ್ಲಿಗೂ ಜಾರಿಯಾಯಿತು. ಕೆಂಟಕಿ ತನ್ನ ಒಪ್ಪಿಗೆಯ ಮುದ್ರೆ ಒತ್ತಿದ್ದು 1976ರಲ್ಲಿ.